ಗೋಡೆ ತುಂಬಿದ ಮೌಲ್ಯಗಳು

“ಅಮ್ಮಾ, ನಾನು ತಪ್ಪು ಮಾಡಿದ್ರೆ ಸಾರ್ ಗೋಡೆ ಮೇಲೆ ಏನು ಬರೆಸ್ತಾರೆ?” ಎಂದು ಮಗಳು ಕೇಳಿದಾಗ ನಮ್ರತಾಗೆ ನಗು ತಡೆಯಲಾಗಲಿಲ್ಲ. ವಿಶಾಖಪಟ್ಟಣದ ಆ ಪುಟ್ಟ ಶಾಲೆಯ ಕರೆಸ್ಪಾಂಡೆಂಟ್, ಅಂದರೆ ಆಡಳಿತ ನೋಡಿಕೊಳ್ಳುವ ಕಾಮೇಶ್ವರರಾಯರು ಇರುವುದೇ ಹಾಗೆ. ಶಾಲೆಯ ಧ್ಯೇಯವಾಕ್ಯಗಳಲ್ಲಿ ವಿಷನ್ ಯಾವುದು, ಮಿಷನ್ ಯಾವುದು ಎಂಬ ಗೊಂದಲ ಬಗೆಹರಿಯದೆ ಒಂದನ್ನು ಗೇಟಿಗೂ ಇನ್ನೊಂದನ್ನು ಮೆಟ್ಟಿಲ ಕೆಳಗೂ ಹಂಚಿದವರು, ಮೌಲ್ಯಗಳ ವಿಷಯದಲ್ಲಿ ಮಾತ್ರ ಬಲು ಧಾರಾಳಿ. ಯಾರದೋ ಡಬ್ಬಿಯ ಪುಳಿಹೋರ ಮಾಯವಾದರೆ ಮರುದಿನ ಗೋಡೆಯ ಮೇಲೆ ‘ಪ್ರಾಮಾಣಿಕತೆ’. ನಲ್ಲಿ ತೆರೆದೇ ಉಳಿದರೆ ‘ಜಲರಕ್ಷಣೆ’. ಇಬ್ಬರು ಟೀಚರುಗಳು ಮುಖ ತಿರುಗಿಸಿಕೊಂಡರೆ ‘ಐಕ್ಯತೆ’. ಬೈಯಲು ಬಾರದ ರಾಯರು ಪೇಂಟರನ್ನು ಕರೆಸುತ್ತಿದ್ದರು, ಶಾಲೆಯ ತಂಟೆಯೆಲ್ಲ ಬೀದಿಗೇ ತಿಳಿಯುತ್ತಿತ್ತು. ಈಗ ತಪಾಸಣೆಗೆ ಬಂದವರು, ಐದು ಮೌಲ್ಯ ಉಳಿಸಿ ಮಿಕ್ಕದ್ದನ್ನು ಅಳಿಸಿದರೇ ಮಾನ್ಯತೆ ಎಂದು ಹೇಳಿ ಹೋಗಿದ್ದಾರೆ. ಮಗಳನ್ನು ಬಿಡಲು ಬಂದ ನಮ್ರತಾಗೆ ರಾಯರು ಸುಣ್ಣದ ಬಕೆಟ್ ಹಿಡಿದು ಗೋಡೆಯ ಮುಂದೆ ನಿಂತಿರುವುದು ಕಂಡಿತು. “ಈ ಪ್ರಾಮಾಣಿಕತೆ ನಮ್ಮ ಸಾಯಿತೇಜ, ಅಮ್ಮಾ. ಈ ಜಲರಕ್ಷಣೆ ಹಿಮಬಿಂದು,” ಎಂದು ಬಳ್ಳಾರಿಯ ಹೆಂಡತಿಯಿಂದ ಕಲಿತ ಕನ್ನಡದಲ್ಲಿ ಒಂದೊಂದು ಪದವನ್ನೂ ಮುಟ್ಟಿ ತೋರಿಸಿದರು. “ಮಕ್ಕಳು ಶಾಲೆ ಬಿಟ್ಟು ಹೋದ್ರೂ ಎಲ್ಲ ಇಲ್ಲೇ ಇದ್ದಾರಂಡಿ.” ಆಮೇಲೆ ಬ್ರಷ್ಷನ್ನು ಅವಳ ಕೈಗಿಟ್ಟರು. “ನನ್ನ ಕೈಲಿ ಆಗಲ್ಲ. ನೀವೇ ಅಳಿಸಿಬಿಡಿ, ನಾನು ಆ ಕಡೆ ತಿರುಗಿ ನಿಂತ್ಕೋತೀನಿ.”