ಮದುಮಗಳು ಪೂಜಿಸಬೇಕಿದ್ದ ಒರತೆ

ಚಿಕ್ಕವಳಿದ್ದಾಗ ನಾನಿದ್ದದ್ದು ಹಿಮಾಲಯದಲ್ಲಿ, ಪಿಥೋರಾಗಡದ ಕಡೆ. ಹಿಮಾಲಯ ಅಂದರೆ ನೀವು ಬಿಳಿ ಬಣ್ಣ ಬಳಿದು ಚಿತ್ರ ಮುಗಿಸುತ್ತೀರಿ. ಅಲ್ಲಿ ಜನ ಇದ್ದರು, ಮಕ್ಕಳೇ. ಇಳಿಜಾರಿನಲ್ಲಿ ಮೆಟ್ಟಿಲಿನಂಥ ಹೊಲಗಳು, ಕಲ್ಲುಚಪ್ಪಡಿ ಹೊದಿಸಿದ ಮನೆಗಳು. ಹೆಂಗಸರು ಹುಲ್ಲು ಹೊತ್ತು ಇಳಿದರೆ ಮುಖ ಕಾಣದು, ಹೊರೆಯೇ ನಡೆದು ಬಂದಂತೆ. ನದಿ ಎಲ್ಲೋ ಕೆಳಗೆ. ಅದರ ಸದ್ದು ಮೇಲೆ ಬರುತ್ತಿತ್ತು, ನೀರು ಬರುತ್ತಿರಲಿಲ್ಲ. ಕುಡಿಯಲು ಊರಿಗೆಲ್ಲ ಬಂಡೆಯ ಸಂದಿಯ ಒಂದೇ ಒರತೆ. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿನ ನೀರು.

ಅಪ್ಪ ಕಲ್ಲು ಒಡೆಯುವವನು. ಬೆಟ್ಟ ಸಿಡಿಸಿ ರಸ್ತೆ ಮಾಡಲು ಮೇಸ್ತ್ರಿ ಕೋಲಾರದ ಕಡೆಯಿಂದ ನಮ್ಮನ್ನೆಲ್ಲ ಅಲ್ಲಿಗೆ ಕರೆದೊಯ್ದಿದ್ದ. ಶಾಲೆ ಗೀಲೆ ಎಲ್ಲಿ ಬಂತು? ನಾನು ಅವ್ವನ ಜೊತೆ ಜಲ್ಲಿ ಒಡೆಯುತ್ತಿದ್ದೆ.

ಮದುವೆಯಾಗಿ ಬಂದ ಹುಡುಗಿ ಮೊದಲು ಒರತೆಗೆ ಪೂಜೆ ಮಾಡಿ ನೀರು ಹೊತ್ತು ತರಬೇಕು. ಆಮೇಲೇ ಅವಳು ಆ ಮನೆಯವಳು. ಅದು ಅಲ್ಲಿನ ಪದ್ಧತಿ. ನಮ್ಮ ಕೆಲಸ ಒರತೆಯ ಹತ್ತಿರ ಬಂದ ದಿನ ಊರಿನ ಒಂದು ಮನೆಗೆ ಮದುಮಗಳು ಬಂದಿದ್ದಳು. ಬೆಳಿಗ್ಗೆಯೇ ಆ ಮನೆಯ ಮುದುಕಿ ನಮ್ಮ ಗುಡಾರಕ್ಕೆ ಬಂದು ಅಪ್ಪನ ಕೈ ಹಿಡಿದಳು. ಒರತೆಯ ಮೇಲಿನ ಬಂಡೆಗೆ ಸಿಡಿಮದ್ದು ಇಡಬೇಡಿ, ಬಂಡೆ ಅದುರಿದರೆ ನೀರು ಓಡಿಹೋಗುತ್ತದೆ, ರಸ್ತೆಯನ್ನು ಸ್ವಲ್ಪ ಬಳಸಿ ಒಯ್ಯಿರಿ ಎಂದು ಬೇಡಿಕೊಂಡಳು.

ಅಪ್ಪ ಮೇಸ್ತ್ರಿಯ ಹತ್ತಿರ ಹೋದ. "ಬಳಸ್ಕೊಂಡ್ ಹೋಗಾನ ಮೇಸ್ತ್ರಿ. ಕುಡಿಯೋ ನೀರು."

"ನಿಮ್ಮಪ್ಪನ ಮನೆ ರಸ್ತೇನೇನ್ಲಾ, ಬೇಕಾದಂಗೆ ತಿರುಗ್ಸಕ್ಕೆ? ಗೆರೆ ಎಳ್ದಾಗೈತೆ. ಬತ್ತಿ ಹಚ್ಚು."

ಅಪ್ಪ ಹಚ್ಚಿದ.

ಬೆಟ್ಟ ಗುಡುಗಿತು. ಮದ್ದಿನ ಹೊಗೆ ಗಂಟಲು ಸುಟ್ಟಿತು. ಒರತೆಯಲ್ಲಿ ಕೆಸರು ಬಂತು, ಆಮೇಲೆ ನೂಲಿನಷ್ಟು ನೀರು, ಆಮೇಲೆ ಏನೂ ಇಲ್ಲ. ಹೆಂಗಸರು ಹಾಡುತ್ತಾ ಮದುಮಗಳನ್ನು ಕರೆತಂದರು. ಹಾಡು ನಿಂತುಹೋಯಿತು. ಮುದುಕಿ ಒಣಗಿದ ಬಂಡೆಗೆ ಅಂಗೈ ಒತ್ತಿ ನಿಂತಳು. ಮದುಮಗಳು ಯಾರನ್ನೂ ಕೇಳಲಿಲ್ಲ. ಹೊಸ ಬಳೆ, ಹೊಸ ಸೆರಗಿನಲ್ಲೇ ಕೊಡ ಎತ್ತಿಕೊಂಡು ನದಿಯ ಕಡೆ ಇಳಿಯತೊಡಗಿದಳು. ಅವತ್ತಿನಿಂದ ಊರೆಲ್ಲ ಇಳಿಯಿತು.

ಅಪ್ಪನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಹೊಟ್ಟೆಪಾಡು ಅನ್ನಬೇಡಿ. ನಾವೂ ಅದೇ ನೀರು ಕುಡಿದವರು.

ಮೊನ್ನೆ ಈ ಪರದೇಶದಲ್ಲಿ, ನಿಮ್ಮ ಬ್ಯಾಲಿನ್‌ಕೊಲಿಗ್ ಊರಿನ ಆಚೆ ನಿಮ್ಮ ಜೊತೆ ನಡೆಯುತ್ತಿದ್ದಾಗ ರಸ್ತೆ ಒಂದು ಮುಳ್ಳುಗಿಡವನ್ನು ಸುತ್ತಿಕೊಂಡು ಹೋಗಿತ್ತು. ಅದು ಯಕ್ಷಿಣಿಯರ ಗಿಡ, ಕಡಿಯಬಾರದು ಎಂದು ಇಲ್ಲಿಯವರ ನಂಬಿಕೆಯಂತೆ. ನೀವು ನಕ್ಕಿರಿ. "ಇಟ್ಸ್ ಓನ್ಲಿ ಎ ಬುಷ್, ಅಜ್ಜಿ!" ನಗಬೇಡಿ. ನಿಮ್ಮ ಊರಿನಲ್ಲಿ ಒಂದು ಗಿಡಕ್ಕೆ ರಸ್ತೆ ಬಗ್ಗಿದೆ. ಅಲ್ಲಿಯೂ ಬಗ್ಗಿಸಬಹುದಿತ್ತು. ಕೇಳಿದವಳು ಹುಲ್ಲು ಹೊರುವ ಮುದುಕಿ, ಅದಕ್ಕೇ ಬಗ್ಗಿಸಲಿಲ್ಲ.