ಪ್ಲಾಸ್ಟಿಕ್ ಮೂಳೆಯ ಮೇಲೆ ಕಲಿಸಿದ ಗಿರಿಜಾ ಮೇಡಂ

ನಂಬಲು ಆಗುತ್ತಿಲ್ಲ...
ಹಿಂದೂಪುರದಿಂದ ಫೋನ್ ಬಂದಾಗ
ಕಲ್ಯಾಣದುರ್ಗದಲ್ಲಿ ಆಪರೇಷನ್‌ಗೆಂದು ಕೈ ತೊಳೆಯುತ್ತಿದ್ದೆ.
ನರ್ಸ್ ಫೋನ್ ಕಿವಿಗೆ ಹಿಡಿದರು.
ಬೆಳಿಗ್ಗೆ ಗಿರಿಜಾ ಮೇಡಂ ಹೋಗಿಬಿಟ್ಟರಂತೆ... ಹಾರ್ಟ್ ಅಟ್ಯಾಕ್.
ಟೇಬಲ್ ಮೇಲೆ ರೋಗಿ ಮಲಗಿದ್ದರು.
ಆಪರೇಷನ್ ಮುಗಿಸಿ ಈಗಷ್ಟೇ ಬಂದು ಕೂತಿದ್ದೇನೆ...

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಮೇಡಂ ಮೂಳೆ ಡಾಕ್ಟರ್. ನಮಗೆಲ್ಲ ಸರ್ಜರಿ ಕಲಿಸಿದವರು.
ಹಿಂದೂಪುರದ ಆಸ್ಪತ್ರೆಯ ಹಳೆಯ ಸ್ಟೋರ್ ರೂಮಿನಲ್ಲಿ ಒಂದಷ್ಟು ಪ್ಲಾಸ್ಟಿಕ್ ಮೂಳೆ, ಒಂದು ಸಿಮ್ಯುಲೇಟರ್ ಇಟ್ಟಿದ್ದರು.
ಸ್ಕ್ರೀನಿನಲ್ಲಿ ತೊಡೆಮೂಳೆ ಕಾಣುತ್ತದೆ, ಕೈಯಲ್ಲಿ ಡ್ರಿಲ್ ಅದುರುತ್ತದೆ,
ತಪ್ಪು ಜಾಗಕ್ಕೆ ಹೋದರೆ ಕೆಂಪು ದೀಪ.
ಸೀನಿಯರ್‌ಗಳು ವಿಡಿಯೋ ಗೇಮ್ ಎಂದು ನಗುತ್ತಿದ್ದರು.
ಅಲ್ಲಿ ಕೈ ಪಳಗುವವರೆಗೆ ಮೇಡಂ ನಮ್ಮನ್ನು ರೋಗಿಯ ಹತ್ತಿರ ಬಿಡುತ್ತಿರಲಿಲ್ಲ.

ಮೇಡಂ... ಲೇಪಾಕ್ಷಿಯ ಆ ಅಜ್ಜಿ ನೆನಪಿದ್ದಾರಾ?
ಸೊಂಟದ ಹತ್ತಿರ ಮೂಳೆ ಮುರಿದಿತ್ತು.
ನನ್ನನ್ನು ನೋಡಿ ನಿಮ್ಮನ್ನು ಕೇಳಿದರು,
"ಈವಯ್ಯ ಇದ್ನ ಮುಂಚೆ ಮಾಡವ್ನಾ?"
ನೀವು ಮುಚ್ಚಿಡಲಿಲ್ಲ.
"ಮನುಷ್ಯರ ಮೇಲೆ ಇದೇ ಮೊದ್ಲು ಕಣಜ್ಜಿ. ಗೊಂಬೆ ಮೇಲೆ ಸುಮಾರು ಸಲ ಮಾಡವ್ನೆ. ನಾನು ಪಕ್ಕದಾಗೇ ಇರ್ತೀನಿ."
"ಗೊಂಬೆಗೆ ನೋವಾಗ್ಲಿಲ್ವಾ?"
"ಇಲ್ಲ ಕಣಜ್ಜಿ, ಅದಕ್ಕೇ ಅದ್ರ ಮೇಲೆ ಮೊದ್ಲು ಕಲ್ಸಿದ್ದು."
ಅಜ್ಜಿ ನನ್ನ ಕೈಗಳನ್ನೇ ನೋಡಿದರು...
"ಸರೇ, ಮಾಡ್ಲಿ ಬಿಡಮ್ಮ" ಎಂದರು.

ಥಿಯೇಟರ್ ಒಳಗೆ ಹೋಗುವಾಗ ಹೆದರಿದ್ದೆ ಮೇಡಂ.
ಆದರೆ ಡ್ರಿಲ್ ಹಿಡಿದ ಮೇಲೆ ಕೈಗೆ ದಾರಿ ಗೊತ್ತಿತ್ತು.
ನೀವು ಪಕ್ಕದಲ್ಲೇ ಇದ್ದಿರಿ... ಒಂದು ಮಾತೂ ಆಡಬೇಕಾಗಲಿಲ್ಲ.
ವಾಕರ್ ಹಿಡಿದು ನಡೆದೇ ಅಜ್ಜಿ ವಾರ್ಡ್‌ನಿಂದ ಹೊರಟಾಗ, ನನ್ನ ಬೆನ್ನು ತಟ್ಟಿ
"ಊಟ ಮಾಡೋಗಪ್ಪ" ಎಂದಿರಿ, ಅಷ್ಟೇ.

ರಿಟೈರ್ ಆದ ಮೇಲೂ ಮೂಳೆಗಳ ಚೀಲ ಹೊತ್ತು ಬಸ್ಸಿನಲ್ಲಿ ಕಲ್ಯಾಣದುರ್ಗಕ್ಕೆ ಬರುತ್ತಿದ್ದಿರಿ.
ಮೊನ್ನೆ ಫೋನಿನಲ್ಲಿ ದನಿ ಬಳಲಿತ್ತು.
"ರೆಸ್ಟ್ ತಗೊಳ್ಳಿ ಮೇಡಂ" ಎಂದೆ.
"ಭಾನುವಾರ ಬತ್ತೀನಿ ಕಣಪ್ಪ, ಹೊಸ ಡಾಕ್ಟ್ರುಗಳ್ನ ಸೇರ್ಸಿರು" ಎಂದಿರಿ...

ಭಾನುವಾರ ಕ್ಲಾಸ್ ಇದೆಯಾ ಎಂದು ಜೂನಿಯರ್‌ಗಳು ಕೇಳುತ್ತಿದ್ದಾರೆ.
ಇದೆ. ನಾನೇ ತೆಗೆದುಕೊಳ್ಳುತ್ತೇನೆ.
ಇವತ್ತು ನಿಮ್ಮನ್ನು ಕೊನೆಯ ಸಲ ನೋಡಲು
ಹಿಂದೂಪುರದ ಬಸ್ ಹತ್ತುತ್ತಿದ್ದೇನೆ.

ಹೋಗಿ ಬನ್ನಿ ಮೇಡಂ...
ನಿಮ್ಮ ಜೀವಕ್ಕೆ ನೆಮ್ಮದಿಯ ನೆರಳು ಸಿಗಲಿ.