ನಮ್ಮ ಹುಡುಗಿಗೆ ಸೆಟ್ ಆಯ್ತು

ಒಳ್ಳೆಯ ಸುದ್ದಿ ಹೇಳಿದ್ದಕ್ಕೆ ಯಾರಾದರೂ ನಿಮಗೆ ಸಮಾಧಾನ ಹೇಳಿದ್ದುಂಟೇ? ನನಗೆ ಹೇಳಿದರು, ಕಳೆದ ವಾರ. ಒಬ್ಬರಲ್ಲ, ಇಡೀ ಬಳಗ. ಅದಕ್ಕೆಲ್ಲ ಕಾರಣ ಒಂದು ಪುಟ್ಟ ಇಂಗ್ಲಿಷ್ ಪದ. (ಕನ್ನಡದಲ್ಲಿ ಬರೆದರೆ ಎರಡೇ ಅಕ್ಷರ. ಅಷ್ಟಕ್ಕೇ ಇಷ್ಟು ರಾದ್ಧಾಂತ.)

ನನ್ನ ಮಗಳು ಚೈತ್ರಾ ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಗೊತ್ತಲ್ಲ, ಯಾವಾಗ ಬೇಕಾದರೂ ‘ಇನ್ನು ಹೊರಡಿ’ ಅನ್ನಬಹುದು. ಹಾಗೆ ಅನ್ನಿಸಿಕೊಳ್ಳಬಾರದು ಅಂದರೆ ಸೆಟ್ ಎಂಬ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಚೈತ್ರಾ ಎರಡು ಸಲ ಬರೆದಿದ್ದಳು. ಎರಡು ಸಲವೂ ಕೂದಲೆಳೆಯಲ್ಲಿ ತಪ್ಪಿತ್ತು. ಈ ಸಲವೂ ಆಗದಿದ್ದರೆ ಮುಂದಿನ ವರ್ಷ ಕ್ಲಾಸ್ ಕೊಡುವುದಿಲ್ಲ ಎಂದು ಕಾಲೇಜಿನವರು ನಗುನಗುತ್ತಲೇ ಹೇಳಿಬಿಟ್ಟಿದ್ದರು.

ಮದುವೆ ಮನೆಗೆ ಹೋದರೆ ‘ಇನ್ನೂ ಓದ್ತಾನೇ ಇದಾಳಾ?’ ಎಂಬ ಪ್ರಶ್ನೆ. ಆ ಪ್ರಶ್ನೆಗೆ ಹೆದರಿ ಅವಳು ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದಳು. ಹೋಗದಿದ್ದಕ್ಕೆ ‘ಓದಿದ ಜಂಬ’ ಎಂಬ ಬಿರುದು ಬೇರೆ.

ಶನಿವಾರ ಬೆಳಿಗ್ಗೆ ರಿಸಲ್ಟ್ ಬಂತು. ಪಾಸು! ಹುಡುಗಿ ಅಳುತ್ತಾ ನಗುತ್ತಾ ಅವರಮ್ಮನ ಕುತ್ತಿಗೆಗೆ ಜೋತುಬಿದ್ದಳು. ನನ್ನ ಕಣ್ಣೂ ಒದ್ದೆಯಾಯಿತು, ಮುಚ್ಚಿಡುವುದೇಕೆ? ಆ ಸಂಭ್ರಮದಲ್ಲೇ ಚಿಂತಾಮಣಿಯಲ್ಲಿರುವ ನನ್ನ ಅಕ್ಕ ಸರೋಜಮ್ಮನಿಗೆ ಫೋನ್ ಮಾಡಿದೆ.

“ಅಕ್ಕಾ, ನಮ್ಮ ಚೈತ್ರಂಗೆ ಸೆಟ್ ಆಯ್ತು ಕಣಕ್ಕ!”

“ಅಯ್ಯೋ ನನ್ನಪ್ಪ! ಬಾಯಿಗೆ ಸಕ್ಕರೆ ಹಾಕ! ಎಲ್ಲಿ?”

“ಬೆಂಗಳೂರಲ್ಲಿ.” (ಪರೀಕ್ಷೆ ಬರೆದದ್ದು ಅಲ್ಲೇ ತಾನೇ?)

“ಹಿಂದೆ ಎರಡು ತಪ್ಪೋಯ್ತಲ್ಲೋ, ಅದೇ ನಂಗೆ ಕೊರಗಿತ್ತು. ಏನಂತೆ ಇದು?”

“ಹಿಸ್ಟರಿ ಅಕ್ಕ.”

“ಓ, ಹಿಸ್ಟರಿ ಮೇಷ್ಟ್ರಾ? ಒಳ್ಳೇದೇ ಆಯ್ತು ಬಿಡು, ಇಬ್ಬರದ್ದೂ ಒಂದೇ ಲೈನು. ಮುಂದಿನ ಮಾತುಕತೆ ಯಾವಾಗ?”

ಅಕ್ಕ ಈ ಕೊನೆಯ ಮಾತು ಆಡುವ ಹೊತ್ತಿಗೆ ಮನೆ ಮುಂದೆ ಟೊಮೆಟೊ ಗಾಡಿಯವನು ಮೈಕಿನಲ್ಲಿ ಕೂಗುತ್ತಿದ್ದ. ನನಗೆ ‘ಯಾವಾಗ’ ಎಂಬುದಷ್ಟೇ ಕೇಳಿಸಿತು. “ಇನ್ನು ಡಾಕ್ಯುಮೆಂಟ್ ವೆರಿಫಿಕೇಷನ್ ಇದೆ, ಆಮೇಲೆ” ಎಂದೆ. “ಮಾಡ್ಸಪ್ಪ ಮಾಡ್ಸು, ಈಗಿನ ಕಾಲದಲ್ಲಿ ಎಲ್ಲಾ ವೆರಿಫೈ ಮಾಡಿಸ್ದೇ ಇದ್ರೆ ಆಗಲ್ಲ” ಎಂದು ಅಕ್ಕ ಫೋನಿಟ್ಟಳು.

ಅಕ್ಕನ ತಪ್ಪು ಅನ್ನುತ್ತೀರಾ? ನಾನು ಅನ್ನಲಾರೆ. ಈ ಸೆಟ್ ಎಂಬ ಪದವನ್ನು ನಾವು ಇಟ್ಟುಕೊಂಡಿರುವ ರೀತಿಯೇ ಹಾಗಿದೆ. ಹೋಟೆಲಿನಲ್ಲಿ ಅದು ದೋಸೆ. ಹೊಲದಲ್ಲಿ ಪಂಪ್. ನಮ್ಮ ಭಾವನವರ ಬಾಯಲ್ಲಿ ಹಲ್ಲು. ಮೊನ್ನೆ ಜೆರಾಕ್ಸ್ ಅಂಗಡಿಯಲ್ಲಿ ‘ಎಷ್ಟು ಸೆಟ್ ಸಾರ್?’ ಎಂದು ಕೇಳಿದರು, ಅದೇ ದಿನ ಮಹಡಿ ಕಟ್ಟುವ ಮೇಸ್ತ್ರಿ ‘ಇನ್ನೂ ಸೆಟ್ ಆಗಿಲ್ಲ, ಕಾಲಿಡಬೇಡಿ’ ಎಂದು ಗದರಿದ. ಇಂಗ್ಲಿಷಿನವರಾದರೂ ನೆಟ್ಟಗಿದ್ದಾರೆಯೇ? ಸೂರ್ಯ ಮುಳುಗಿದರೂ ಸೆಟ್, ಮೊಸರು ಹೆಪ್ಪಾದರೂ ಸೆಟ್. ಆದರೆ ಇಷ್ಟೆಲ್ಲ ಅರ್ಥಗಳಿದ್ದರೂ, ‘ಹುಡುಗಿಗೆ’ ಎಂಬ ಪದ ಅದರ ಹಿಂದೆ ಬಂದು ನಿಂತ ಕೂಡಲೇ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ ಉಳಿಯುತ್ತದೆ.

ಆ ಅರ್ಥ ಮಧ್ಯಾಹ್ನದೊಳಗೆ ಜಿಲ್ಲೆಯೆಲ್ಲ ಸುತ್ತಿತು. ಚಿಂತಾಮಣಿಯಲ್ಲಿ ಅಕ್ಕನ ಪಕ್ಕದ ಮನೆಯವರು “ಸೆಟ್ ಅಯಿಪೋಯಿಂದಂಟಾ!” ಎಂದು ತೆಲುಗಿನಲ್ಲೂ ಒಂದು ಪ್ರತಿ ಹೊರಡಿಸಿದರಂತೆ. ಫ್ಯಾಮಿಲಿ ವಾಟ್ಸಾಪ್ ಗುಂಪಿನಲ್ಲಿ ಕೈಮುಗಿಯುವ ಚಿತ್ರ, ಲಡ್ಡಿನ ಚಿತ್ರ, ‘ಕಂಗ್ರಾಟ್ಸ್ ಚೈತ್ರಾ’ಗಳ ಸುರಿಮಳೆ. ಶಿಡ್ಲಘಟ್ಟದಿಂದ ಚಿಕ್ಕಪ್ಪ ಫೋನ್ ಮಾಡಿ, “ಸೀರೆ ಬೇಕಾದ್ರೆ ಹೇಳಪ್ಪ, ರೇಷ್ಮೆ ವ್ಯಾಪಾರದೋರು ಗೊತ್ತಿದಾರೆ” ಎಂದರು. ಮೇಡಮ್ಮು ಇನ್ನು ಮೇಲೆ ಕಾಲೇಜಿಗೆ ಸೀರೆಯಲ್ಲೇ ಹೋಗಲಿ ಎಂಬ ಅಭಿಮಾನ ಇರಬೇಕು ಅಂದುಕೊಂಡೆ. “ಬೇಕೇ ಬೇಕು ಚಿಕ್ಕಪ್ಪ” ಎಂದೆ.

ಚೈತ್ರಾ ಪ್ರತಿ ಮೆಸೇಜಿಗೂ ಕೂತು ಉತ್ತರ ಬರೆದಳು. “ಅಪ್ಪ, ನಾನು ನಮ್ಮೋರನ್ನ ಸುಮ್ಮನೆ ಬೈಕೋತಿದ್ದೆ. ಒಂದು ಪರೀಕ್ಷೆಗೆ ಎಷ್ಟು ಖುಷಿಪಡ್ತಿದಾರೆ ನೋಡು” ಎಂದಳು. ಎಷ್ಟೋ ತಿಂಗಳ ಮೇಲೆ ಆ ಮುಖದಲ್ಲಿ ಗೆಲುವು ಕಂಡಿದ್ದೆ.

ಭಾನುವಾರ ಅಕ್ಕ ಭಾವ ಇಬ್ಬರೂ ಮೊದಲ ಬಸ್ಸಿಗೇ ಬಂದಿಳಿದರು. ಕೈಯಲ್ಲಿ ಹೂವು, ಹಣ್ಣು, ಕೈವಾರದ ಪ್ರಸಾದ. ಅಕ್ಕ ಒಳಗೆ ಬಂದವಳೇ ಚೈತ್ರಾಳ ಕೆನ್ನೆ ಸವರಿ ನೆಟಿಕೆ ಮುರಿದಳು.

“ಎಲ್ಲಿ, ತೋರ್ಸಮ್ಮ ನೋಡಣ.”

ಚೈತ್ರಾ ಹೆಮ್ಮೆಯಿಂದ ಮೊಬೈಲ್ ತೆಗೆದು ರಿಸಲ್ಟ್ ತೋರಿಸಿದಳು. ಅಕ್ಕ ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದಳು.

“ಇದೇನೇ ಇದು ನಂಬರ್ರು? ಹುಡುಗನ ಫೋಟೋ ಕಣೇ!”

“ಯಾವ ಹುಡುಗ ಅತ್ತೆ?”

ನನ್ನ ಹೆಂಡತಿ ಕಾಫಿ ಲೋಟ ಹಿಡಿದು ಅಲ್ಲೇ ನಿಂತುಬಿಟ್ಟಳು. ಮೊದಲು ಅರ್ಥವಾದದ್ದು ನನಗೆ. ಸೆಟ್ ಎಂದರೆ ಪರೀಕ್ಷೆ, ಮದುವೆಯಲ್ಲ ಎಂದು ಬಿಡಿಸಿ ಹೇಳಿದೆ. ಅಕ್ಕನ ಮುಖ ಬಾಡಿತು.

“ಅಂದ್ರೆ... ಬರೀ ಪರೀಕ್ಷೆನಾ?”

ಆ ‘ಬರೀ’ ನನ್ನನ್ನು ಚುಚ್ಚಿತು. ಆ ಹುಡುಗಿ ಅದಕ್ಕಾಗಿ ಕಳೆದ ರಾತ್ರಿಗಳೆಷ್ಟು, ನುಂಗಿದ ಮಾತುಗಳೆಷ್ಟು! ಸಿಟ್ಟು ಬಂತು. ಏನೋ ಅನ್ನುವಷ್ಟರಲ್ಲಿ ಅಕ್ಕ ತಲೆ ಮೇಲೆ ಕೈಹೊತ್ತಳು. “ಅಯ್ಯೋ, ಗೌರಿಬಿದನೂರಿನೋರಿಗೆ ಬೇಡ ಅಂದ್ಬಿಟ್ಟೆ ಕಣೋ! ಬರೋ ವಾರ ಹುಡುಗಿ ನೋಡಕ್ಕೆ ಬರ್ತೀವಿ ಅಂದಿದ್ರು. ಅವಳಿಗೆ ಬೆಂಗಳೂರಲ್ಲಿ ಸೆಟ್ ಆಯ್ತು, ನೀವು ಬೇರೆ ನೋಡ್ಕೊಳ್ಳಿ ಅಂದೆ.”

ನಮಗೆ ಗೊತ್ತೇ ಇಲ್ಲದ ಸಂಬಂಧವೊಂದು ಹೀಗೆ ಬಂದೂ ಹೋಗಿತ್ತು.

ಮಧ್ಯಾಹ್ನವೆಲ್ಲ ನನಗೆ ತಿದ್ದುಪಡಿ ಫೋನುಗಳದೇ ಕೆಲಸ. ‘ಮದುವೆಯಲ್ಲ, ಪರೀಕ್ಷೆ ಪಾಸಾಗಿದ್ದಾಳೆ’ ಎಂದು ಒಬ್ಬೊಬ್ಬರಿಗೂ ಹೇಳಿದೆ. ಉತ್ತರ ಏನು ಬಂತು ಗೊತ್ತೇ? “ಓ ಹೌದಾ... ಹೋಗ್ಲಿ ಬಿಡಿ, ಬೇಜಾರು ಮಾಡ್ಕೋಬೇಡಿ. ಮುಂದೆ ಆಗತ್ತೆ.” ಶಿಡ್ಲಘಟ್ಟದ ಚಿಕ್ಕಪ್ಪ “ಹಂಗಾದ್ರೆ ಸೀರೆ ಸದ್ಯಕ್ಕೆ ಬೇಡ ಅಲ್ವಾ?” ಎಂದರು. ಗುಂಪಿನಲ್ಲಿ ಯಾರೋ ಹಾಕಿದ್ದ ಲಡ್ಡಿನ ಜಾಗದಲ್ಲಿ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂದಿತ್ತು. ಚೈತ್ರಾ ಅದನ್ನು ನೋಡಿದಳು. ಫೋನ್ ಮಗುಚಿಟ್ಟಳು. ಫೇಲಾದಾಗ ಕೂಡ ಅವಳು ಅಷ್ಟು ಸುಮ್ಮನೆ ಕೂತಿರಲಿಲ್ಲ.

ಅಕ್ಕನಿಗೆ ಅದನ್ನು ನೋಡಿ ತಡೆಯಲಾಗಲಿಲ್ಲವೋ ಏನೋ, ಗೌರಿಬಿದನೂರಿಗೆ ಫೋನ್ ಹಚ್ಚಿದಳು. ನಾನು ಬೇಡ ಎಂದರೂ ಕೇಳಲಿಲ್ಲ. ಸ್ಪೀಕರ್ ಬೇರೆ ಆನ್ ಮಾಡಿದಳು. “ಅಮ್ಮಾ, ನಂದೇ ತಪ್ಪು ತಿಳುವಳಿಕೆ. ಹುಡುಗಿಗೆ ಮದುವೆ ಸೆಟ್ ಆಗಿಲ್ಲ, ಪರೀಕ್ಷೆ ಸೆಟ್ ಆಗಿರೋದು. ಮೇಷ್ಟ್ರ ಪರೀಕ್ಷೆ. ನೀವು ಬನ್ನಿ, ಬಂದು ನೋಡಿ.”

ಆ ಕಡೆಯಿಂದ ಹುಡುಗನ ತಾಯಿ ತುಂಬಾ ಮರ್ಯಾದೆಯಿಂದಲೇ ಹೇಳಿದರು:

“ನಮ್ಮುಡುಗನೂ ಕಾಲೇಜಲ್ಲೇ ಪಾಠ ಮಾಡೋದು ಕಣಮ್ಮ. ಅವನೂ ಎರಡು ಸಲ ಬರ್ದಿದಾನೆ, ಅವನಿಗಿನ್ನೂ ಸೆಟ್ ಆಗಿಲ್ಲ. ಹುಡುಗಿಗೆ ಸೆಟ್ ಆಗಿದೆ ಅಂದ್ರೆ... ಸೆಟ್ ಆಗಲ್ಲ ಬಿಡಿ.”

ಫೋನ್ ಕಟ್ಟಾಯಿತು. ಅಕ್ಕ ನನ್ನ ಮುಖ ನೋಡಿದಳು, ನಾನು ಹೆಂಡತಿಯ ಮುಖ ನೋಡಿದೆ. ಮೂವರಿಗೂ ಚೈತ್ರಾಳ ಕಡೆ ನೋಡುವ ಧೈರ್ಯವಿರಲಿಲ್ಲ. ಹುಡುಗಿ ಆಗ ಜೋರಾಗಿ ನಕ್ಕಳು.

“ಇನ್ನೊಂದು ಸಲ ಬರೀಲಿ ಅಂತ ಹೇಳಿ ಅತ್ತೆ, ಬೇಕಾದ್ರೆ ನಾನೇ ಪಾಠ ಹೇಳ್ಕೊಡ್ತೀನಿ.”